ಸಾಬು ದಸ್ತಗೀರ್

ಸಾಬು ದಸ್ತಗೀರ್ (27 ಜನವರಿ 1924 – 2 ಡಿಸೆಂಬರ್ 1963) ಮೈಸೂರು ಸಂಸ್ಥಾನದಲ್ಲಿ ಜನಿಸಿ, ಇಂಗ್ಲೆಂಡ್ ಮತ್ತು ಅಮೆರಿಕದ ಚಲನಚಿತ್ರಗಳಲ್ಲಿ ಪ್ರಮುಖ ಪಾತ್ರಗಳನ್ನು ನಿರ್ವಹಿಸಿ ವಿಶ್ವಖ್ಯಾತಿ ಪಡೆದ ನಟ. ಮಾವುತನ ಮಗನಾಗಿ ಅರಮನೆಯ ಆನೆಲಾಯದಲ್ಲಿ ಬೆಳೆದ ಇವರು 1937ರಲ್ಲಿ ತೆರೆಕಂಡ ‘ಎಲಿಫೆಂಟ್ ಬಾಯ್’ ಚಿತ್ರದಿಂದ ಬೆಳಕಿಗೆ ಬಂದರು. ಪಾಶ್ಚಾತ್ಯ ಚಿತ್ರಗಳಲ್ಲಿ ‘ಸಾಬು’ ಎಂಬ ಒಂದೇ ಹೆಸರಿನಿಂದ ಪ್ರಸಿದ್ಧರಾಗಿದ್ದರು. ಹಾಲಿವುಡ್‌ನಲ್ಲಿ ತಾರಾಪಟ್ಟ ಪಡೆದ ಮೊದಲ ಭಾರತೀಯರಲ್ಲಿ ಇವರೂ ಒಬ್ಬರು.

ಜನನ ಮತ್ತು ಬಾಲ್ಯ

ಸಾಬು ಅವರು ಹುಟ್ಟಿದ್ದು ಇಂದಿನ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರದಲ್ಲಿ. ಈಗ ಕಬಿನಿ ಹಿನ್ನೀರಿನ ವನ್ಯಜೀವಿ ವೀಕ್ಷಣೆಗೆ ಹೆಸರಾಗಿರುವ ಈ ಪ್ರದೇಶ ಆಗ ಕಾಕನಕೋಟೆಯ ದಟ್ಟ ಕಾಡಿನ ಸೆರಗಿನಲ್ಲಿತ್ತು. ಕಾಡಾನೆಗಳನ್ನು ಗುಂಪಾಗಿ ಅಟ್ಟಿ ಹಿಡಿಯುವ ಖೆಡ್ಡಾ ಕಾರ್ಯಾಚರಣೆಗೆ ಕಾಕನಕೋಟೆ ಪ್ರಸಿದ್ಧವಾಗಿತ್ತು. ಹಿಡಿದ ಆನೆಗಳನ್ನು ಪಳಗಿಸಿ ಸಾಕುವ ಮಾವುತರು ಮತ್ತು ಕಾವಾಡಿಗಳಿಗೆ ಅದೇ ವಂಶಪಾರಂಪರ್ಯದ ಕಸುಬಾಗಿತ್ತು.

ಸಾಬು ಅವರ ತಂದೆ ಮಹಾರಾಜರ ಸೇವೆಯಲ್ಲಿದ್ದ ಮಾವುತರು. ತಾಯಿಯನ್ನು ತೀರ ಎಳೆಯ ವಯಸ್ಸಿನಲ್ಲಿಯೇ ಕಳೆದುಕೊಂಡ ಬಾಲಕನಿಗೆ ತಂದೆಯ ಆಸರೆಯೂ ಬಹುಕಾಲ ಉಳಿಯಲಿಲ್ಲ. ತಂದೆಯ ನಿಧನಾನಂತರ ಅರಮನೆಯ ಆನೆಲಾಯವೇ ಅವನಿಗೆ ಆಶ್ರಯವಾಯಿತು. ಅವನಿಗೆ ಶೇಖ್ ದಸ್ತಗೀರ್ ಎಂಬ ಅಣ್ಣನಿದ್ದನು. ‘ದಸ್ತಗೀರ್’ ಎಂಬುದು ವಾಸ್ತವವಾಗಿ ಈ ಅಣ್ಣನ ಹೆಸರು. ಸಾಬು ಅವರ ಪೂರ್ಣ ಹೆಸರು ಸೇಲಾರ್ ಶೇಖ್ ಸಾಬು ಎಂದು ಹೇಳಲಾಗುತ್ತದೆ. ಆದರೂ ಸಾಬು ದಸ್ತಗೀರ್ ಎಂಬ ಹೆಸರೇ ಹೆಚ್ಚು ಬಳಕೆಗೆ ಬಂದಿದೆ.

ಚಿತ್ರರಂಗ ಪ್ರವೇಶ

ರಡ್ಯಾರ್ಡ್ ಕಿಪ್ಲಿಂಗ್ ಅವರ ‘ಜಂಗಲ್ ಬುಕ್’ (1894) ಸಂಕಲನದಲ್ಲಿ ಟೂಮಾಯ್ ಎಂಬ ಮಾವುತರ ಹುಡುಗನ ಕಥೆಯೊಂದಿದೆ. ಲಂಡನ್ ಫಿಲ್ಮ್ಸ್ ಸಂಸ್ಥೆಯ ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ ಈ ಕಥೆಯನ್ನು ಚಿತ್ರವಾಗಿಸಲು ನಿರ್ಧರಿಸಿದರು. ಅದರ ಹೊಣೆಯನ್ನು ಸಾಕ್ಷ್ಯಚಿತ್ರಗಳಿಗೆ ಹೆಸರಾಗಿದ್ದ ಅಮೆರಿಕದ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಅವರಿಗೆ ವಹಿಸಿದರು. ಫ್ಲಾಹರ್ಟಿ 1935ರಲ್ಲಿ ತಮ್ಮ ತಂಡದೊಡನೆ ಮೈಸೂರಿಗೆ ಬಂದರು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ಮಹಾರಾಜರಾಗಿದ್ದರು. ಚಿತ್ರೀಕರಣಕ್ಕೆ ಅರಮನೆಯ ಆನೆಗಳೂ ಮಾವುತರೂ ದೊರೆತರು.

ಟೂಮಾಯ್ ಪಾತ್ರಕ್ಕೆ ಬೇಕಾದ ಹುಡುಗನ ಹುಡುಕಾಟ ಕೊನೆಗೊಂಡದ್ದು ಆನೆಲಾಯದಲ್ಲಿ. ಛಾಯಾಗ್ರಾಹಕ ಓಸ್ಮಂಡ್ ಬೊರಡೇಲ್ ಅವರ ಕಣ್ಣಿಗೆ ಅಲ್ಲಿ ಹನ್ನೊಂದು ವರ್ಷದ ಸಾಬು ಬಿದ್ದನು. ಅಭಿನಯದ ಗಂಧವೂ ಇಲ್ಲದಿದ್ದ ಹುಡುಗನಿಗೆ ಆನೆಯೊಡನೆ ಒಡನಾಟ ಮಾತ್ರ ಹುಟ್ಟಿನಿಂದ ಬಂದಿತ್ತು. ಚಿತ್ರಕ್ಕೆ ಬೇಕಾಗಿದ್ದುದೂ ಅದೇ. ಕಥೆಯ ಕಾಲಾ ನಾಗ್ ಎಂಬ ಆನೆಯಾಗಿ ಅರಮನೆಯ ಐರಾವತ ಕಾಣಿಸಿಕೊಂಡಿತು.

ಮೈಸೂರಿನ ಚಿತ್ರೀಕರಣ ಮುಗಿದ ಮೇಲೆ ಸಾಬು ಮತ್ತು ಆತನ ಅಣ್ಣ 1936ರಲ್ಲಿ ಇಂಗ್ಲೆಂಡಿಗೆ ತೆರಳಿದರು. ಉಳಿದ ದೃಶ್ಯಗಳನ್ನು ಅಲೆಕ್ಸಾಂಡರ್ ಅವರ ಸೋದರ ಜೋಲ್ಟಾನ್ ಕೋರ್ಡಾ ಅವರು ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ಚಿತ್ರೀಕರಿಸಿದರು. 1937ರ ವೆನಿಸ್ ಚಲನಚಿತ್ರೋತ್ಸವದಲ್ಲಿ ಫ್ಲಾಹರ್ಟಿ ಮತ್ತು ಜೋಲ್ಟಾನ್ ಕೋರ್ಡಾ ಇಬ್ಬರಿಗೂ ಅತ್ಯುತ್ತಮ ನಿರ್ದೇಶನದ ಪ್ರಶಸ್ತಿ ದೊರೆಯಿತು. ಸಾಬು ಮೈಸೂರಿಗೆ ಮರಳಲಿಲ್ಲ; ಇಂಗ್ಲೆಂಡಿನ ಶಾಲೆಗೆ ಸೇರಿ, ಇಂಗ್ಲಿಷ್ ಕಲಿತು, ಕೋರ್ಡಾ ಸಂಸ್ಥೆಯ ನಟನಾಗಿ ಮುಂದುವರಿದನು.

ಖ್ಯಾತಿಯ ವರ್ಷಗಳು

1938ರ ‘ದಿ ಡ್ರಮ್’ ಚಿತ್ರದಲ್ಲಿ ಸಾಬು ಅವರು ವಾಯವ್ಯ ಗಡಿನಾಡಿನ ರಾಜಕುಮಾರ ಅಜೀಮ್‌ನ ಪಾತ್ರ ವಹಿಸಿದರು. ರಾಜಕುಮಾರನು ಬ್ರಿಟಿಷರ ಮಿತ್ರನಾಗಿ ನಿಲ್ಲುವ ಕಥೆ ಇದು. ಸ್ವಾತಂತ್ರ್ಯ ಚಳವಳಿ ಪ್ರಬಲವಾಗಿದ್ದ ಆ ದಿನಗಳಲ್ಲಿ, ಸಾಮ್ರಾಜ್ಯವನ್ನು ವೈಭವೀಕರಿಸುವ ಚಿತ್ರವೆಂದು ಮುಂಬಯಿಯಲ್ಲಿ ಪ್ರತಿಭಟನೆಗಳು ನಡೆದವು. ಹೊರದೇಶಗಳಲ್ಲಿ ಭಾರತದ ಮುಖವೆನಿಸಿದ ಬಾಲಕನ ಚಿತ್ರಕ್ಕೆ ತಾಯ್ನಾಡಿನಲ್ಲಿಯೇ ವಿರೋಧ ಎದುರಾಯಿತು.

1940ರಲ್ಲಿ ಬಿಡುಗಡೆಯಾದ ವರ್ಣಚಿತ್ರ ‘ದಿ ಥೀಫ್ ಆಫ್ ಬಾಗ್ದಾದ್’ ಅವರ ಅತ್ಯಂತ ಜನಪ್ರಿಯ ಚಿತ್ರ. ಇದರಲ್ಲಿ ಅವರು ಅಬು ಎಂಬ ಚತುರ ಪುಟ್ಟ ಕಳ್ಳನಾಗಿ ನಟಿಸಿದರು. ಎರಡನೆಯ ಮಹಾಯುದ್ಧ ಆರಂಭವಾದುದರಿಂದ ಇಂಗ್ಲೆಂಡಿನಲ್ಲಿ ಕೆಲಸ ಮುಂದುವರಿಸುವುದು ಕಷ್ಟವಾಗಿ ಚಿತ್ರವನ್ನು ಅಮೆರಿಕದಲ್ಲಿ ಪೂರ್ಣಗೊಳಿಸಲಾಯಿತು. ಈ ಚಿತ್ರ ಮೂರು ಆಸ್ಕರ್ ಪ್ರಶಸ್ತಿಗಳನ್ನು ಗಳಿಸಿತು. 1942ರ ‘ಜಂಗಲ್ ಬುಕ್’ನಲ್ಲಿ ಸಾಬು ಅವರು ತೋಳಗಳ ನಡುವೆ ಬೆಳೆದ ಮೋಗ್ಲಿಯಾದರು. ಅನಂತರ ಯೂನಿವರ್ಸಲ್ ಸಂಸ್ಥೆಯ ‘ಅರೇಬಿಯನ್ ನೈಟ್ಸ್’, ‘ವೈಟ್ ಸ್ಯಾವೇಜ್’ ಮತ್ತು ‘ಕೋಬ್ರಾ ವುಮನ್’ ಚಿತ್ರಗಳಲ್ಲಿ ಮರಿಯಾ ಮೊಂಟೆಜ್ ಮತ್ತು ಜಾನ್ ಹಾಲ್ ಅವರೊಡನೆ ನಟಿಸಿದರು.

ಆ ಕಾಲದ ಪಾಶ್ಚಾತ್ಯ ಚಿತ್ರಗಳಲ್ಲಿ ಭಾರತೀಯ ಪಾತ್ರಗಳನ್ನು ಬಿಳಿಯ ನಟರೇ ಬಣ್ಣ ಬಳಿದುಕೊಂಡು ಅಭಿನಯಿಸುವುದು ವಾಡಿಕೆಯಾಗಿತ್ತು. ಮುಂಬಯಿಯಲ್ಲಿ ಹುಟ್ಟಿದ ನಟಿ ಮರ್ಲ್ ಒಬೆರಾನ್ ತಮ್ಮ ಭಾರತೀಯ ಮೂಲವನ್ನು ಮರೆಮಾಚಿಯೇ ಬದುಕಿದರು. ಇಂಥ ವಾತಾವರಣದಲ್ಲಿ ಸಾಬು ಅವರು ತಮ್ಮ ಹೆಸರು, ಮೈಬಣ್ಣ ಮತ್ತು ಹುಟ್ಟೂರನ್ನು ಬಚ್ಚಿಡದೆ ಮುಖ್ಯ ಪಾತ್ರಗಳನ್ನು ಪಡೆದದ್ದು ಗಮನಾರ್ಹ.

ಸೇನಾ ಸೇವೆ

ಸಾಬು ಅವರು 1944ರ ಜನವರಿಯಲ್ಲಿ ಅಮೆರಿಕದ ಪೌರತ್ವ ಪಡೆದರು. ಭಾರತೀಯರಿಗೆ ಅಲ್ಲಿ ಪೌರತ್ವ ಪಡೆಯುವ ಹಕ್ಕು ಸಾಮಾನ್ಯವಾಗಿ ದೊರೆತದ್ದು 1946ರ ಕಾಯಿದೆಯಿಂದ. ಯುದ್ಧಕಾಲದಲ್ಲಿ ಅವರು ಅಮೆರಿಕದ ಸೇನಾ ವಾಯುದಳಕ್ಕೆ ಸೇರಿ, ಪೆಸಿಫಿಕ್ ಸಾಗರ ಪ್ರದೇಶದಲ್ಲಿ ಬಿ-24 ಲಿಬರೇಟರ್ ಬಾಂಬರ್ ವಿಮಾನಗಳಲ್ಲಿ ಗನ್ನರ್ ಆಗಿ ಹಲವಾರು ಕಾರ್ಯಾಚರಣೆಗಳಲ್ಲಿ ಪಾಲ್ಗೊಂಡರು. ಅವರ ಶೌರ್ಯಕ್ಕೆ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಸಂದಿತು. ಬೆಳ್ಳಿತೆರೆಯ ಮೇಲೆ ಮಾಯಾಗಂಬಳಿಯಲ್ಲಿ ಹಾರಿದ್ದ ನಟ ಯುದ್ಧದ ಆಗಸದಲ್ಲಿ ನಿಜವಾಗಿಯೇ ಪ್ರಾಣವನ್ನು ಪಣಕ್ಕಿಟ್ಟಿದ್ದರು.

ಯುದ್ಧಾನಂತರದ ವೃತ್ತಿಜೀವನ

ಯುದ್ಧದಿಂದ ಮರಳಿದ ಸಾಬು ಬಾಲಕನಾಗಿ ಉಳಿದಿರಲಿಲ್ಲ. ಆದರೆ ಚಿತ್ರರಂಗ ಅವರಲ್ಲಿ ಮುಂಡಾಸು ಸುತ್ತಿದ ಆನೆಹುಡುಗನನ್ನೇ ಹುಡುಕುತ್ತಿತ್ತು. 1947ರ ‘ಬ್ಲ್ಯಾಕ್ ನಾರ್ಸಿಸಸ್’ ಇದಕ್ಕೊಂದು ಅಪವಾದ. ಮೈಕೇಲ್ ಪೊವೆಲ್ ಮತ್ತು ಎಮೆರಿಕ್ ಪ್ರೆಸ್‌ಬರ್ಗರ್ ಜೋಡಿಯ ಈ ಚಿತ್ರದಲ್ಲಿ ಅವರು ಹಿಮಾಲಯದ ಕ್ರೈಸ್ತ ಸಂನ್ಯಾಸಿನಿಯರ ಮಠಕ್ಕೆ ವಿದ್ಯೆ ಕಲಿಯಲು ಬರುವ ರಾಜವಂಶದ ತರುಣನಾಗಿದ್ದರು. ಚಿತ್ರದ ಶೀರ್ಷಿಕೆ ಆ ತರುಣ ಬಳಸುವ ಸುಗಂಧದ್ರವ್ಯದ ಹೆಸರು. ಅದೇ ವರ್ಷ ‘ದಿ ಎಂಡ್ ಆಫ್ ದಿ ರಿವರ್’ ಚಿತ್ರದಲ್ಲಿ ಬ್ರೆಜಿಲ್‌ನ ಆದಿವಾಸಿ ಯುವಕನ ಪಾತ್ರ ಮಾಡಿದರು.

ಅನಂತರ ದೊರೆತವು ಬಹುಮಟ್ಟಿಗೆ ಕಾಡು, ಹುಲಿ ಮತ್ತು ಆನೆಗಳ ಸಾಧಾರಣ ಚಿತ್ರಗಳು. 1951-52ರಲ್ಲಿ ಅವರು ಲಂಡನ್ನಿನ ಹ್ಯಾರಿಂಗೇ ಸರ್ಕಸ್ಸಿನಲ್ಲಿ ಆನೆಗಳೊಡನೆ ಪ್ರದರ್ಶನ ನೀಡಿದರು. 1952ರಲ್ಲಿ ವಿಟ್ಟೋರಿಯೊ ಡಿ ಸಿಕಾ ಅವರೊಡನೆ ‘ಬುವೊಂಜೋರ್ನೊ, ಎಲೆಫಾಂತೆ’ ಎಂಬ ಇಟಾಲಿಯನ್ ಚಿತ್ರದಲ್ಲಿ ನಟಿಸಿದರು. ಅಲ್ಲಿಯೂ ಕಥೆ ಆನೆಯದೇ. ಆನೆಲಾಯದಲ್ಲಿ ಕಲಿತ ವಿದ್ಯೆ ಅವರಿಗೆ ಕೊನೆಯವರೆಗೆ ಅನ್ನ ನೀಡಿತು. ನಟನಾಗಿ ಬೇರೆ ದಾರಿ ಹಿಡಿಯಲು ಅದೇ ಅಡ್ಡಿಯೂ ಆಯಿತು.

ಭಾರತೀಯ ಚಿತ್ರರಂಗಕ್ಕೆ ಬರುವ ಅವಕಾಶವೊಂದು ಅವರಿಗೆ ಒದಗಿತ್ತು. ಮೆಹಬೂಬ್ ಖಾನ್ ಅವರು ‘ಮದರ್ ಇಂಡಿಯಾ’ (1957) ಚಿತ್ರದ ಬಿರ್ಜು ಪಾತ್ರಕ್ಕೆ ಮೊದಲು ಸಾಬು ಅವರನ್ನು ಆರಿಸಿದ್ದರು. ಅಮೆರಿಕದ ಪ್ರಜೆಯಾಗಿದ್ದ ಅವರಿಗೆ ಭಾರತದಲ್ಲಿ ಕೆಲಸ ಮಾಡುವ ಪರವಾನಗಿ ದೊರೆಯಲಿಲ್ಲ. ಆ ಪಾತ್ರ ಸುನಿಲ್ ದತ್ ಅವರ ಪಾಲಾಯಿತು. ಹೀಗಾಗಿ ಸಾಬು ಅವರು ಯಾವ ಭಾರತೀಯ ಚಿತ್ರದಲ್ಲಿಯೂ ನಟಿಸಲಿಲ್ಲ.

ವೈಯಕ್ತಿಕ ಜೀವನ ಮತ್ತು ನಿಧನ

1948ರಲ್ಲಿ ಸಾಬು ಅವರು ನಟಿ ಮೆರಿಲಿನ್ ಕೂಪರ್ ಅವರನ್ನು ವಿವಾಹವಾದರು. ಈ ದಂಪತಿಗೆ ಪಾಲ್ ಮತ್ತು ಜಾಸ್ಮಿನ್ ಎಂಬ ಇಬ್ಬರು ಮಕ್ಕಳು. ಕುಟುಂಬಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಪೀಠೋಪಕರಣಗಳ ಅಂಗಡಿಯಿತ್ತು. 1960ರಲ್ಲಿ ಹಾಲಿವುಡ್ ವಾಕ್ ಆಫ್ ಫೇಮ್‌ನಲ್ಲಿ ಅವರ ಹೆಸರಿನ ನಕ್ಷತ್ರ ಅಳವಟ್ಟಿತು. ಅದೇ ವರ್ಷ, ಮೈಸೂರಿನಿಂದ ಜೊತೆಗೂಡಿ ಹೊರಟಿದ್ದ ಅಣ್ಣ ಅಂಗಡಿಯಲ್ಲಿ ನಡೆದ ದರೋಡೆಯಲ್ಲಿ ಕೊಲೆಯಾದರು.

ಸಾಬು ಅವರು 1963ರ ಡಿಸೆಂಬರ್ 2ರಂದು ಕ್ಯಾಲಿಫೋರ್ನಿಯಾದ ಚಾಟ್ಸ್‌ವರ್ತ್‌ನಲ್ಲಿ ಹೃದಯಾಘಾತದಿಂದ ನಿಧನರಾದರು. ಆಗ ಅವರಿಗೆ ಕೇವಲ 39 ವರ್ಷ. ಲಾಸ್ ಏಂಜಲೀಸ್‌ನ ಫಾರೆಸ್ಟ್ ಲಾನ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಡಿಸ್ನಿ ಸಂಸ್ಥೆಯ ‘ಎ ಟೈಗರ್ ವಾಕ್ಸ್’ ಚಿತ್ರ ಅವರ ಮರಣಾನಂತರ, 1964ರಲ್ಲಿ ಬಿಡುಗಡೆಯಾಯಿತು.

ಪ್ರಮುಖ ಚಿತ್ರಗಳು

- ಎಲಿಫೆಂಟ್ ಬಾಯ್ (1937) – ಟೂಮಾಯ್
- ದಿ ಡ್ರಮ್ (1938) – ರಾಜಕುಮಾರ ಅಜೀಮ್
- ದಿ ಥೀಫ್ ಆಫ್ ಬಾಗ್ದಾದ್ (1940) – ಅಬು
- ಜಂಗಲ್ ಬುಕ್ (1942) – ಮೋಗ್ಲಿ
- ಅರೇಬಿಯನ್ ನೈಟ್ಸ್ (1942)
- ವೈಟ್ ಸ್ಯಾವೇಜ್ (1943)
- ಕೋಬ್ರಾ ವುಮನ್ (1944)
- ಬ್ಲ್ಯಾಕ್ ನಾರ್ಸಿಸಸ್ (1947) – ತರುಣ ಜನರಲ್
- ದಿ ಎಂಡ್ ಆಫ್ ದಿ ರಿವರ್ (1947)
- ಮ್ಯಾನ್-ಈಟರ್ ಆಫ್ ಕುಮಾವ್ (1948)
- ಸಾಂಗ್ ಆಫ್ ಇಂಡಿಯಾ (1949)
- ಎ ಟೈಗರ್ ವಾಕ್ಸ್ (1964)