ಎರಡನೇ ಸೆಟ್ಟು ಬಿಡದ ಲೀಲಾ ರಾವ್

ಪುಣೆಯ ನಂಟಿರುವ ಒಬ್ಬ ಕ್ರೀಡಾಪಟುವಿನ ಬಗ್ಗೆ ಬರೆದುಕೊಡಿ ಅಂತ ನಮ್ಮ ಮಹಿಳಾ ವೇದಿಕೆಯ ಗುಂಪಿನಲ್ಲಿ ಸಂದೇಶ ಬಂದಾಗ, ಎಂದಿನಂತೆ ಒಂದು ಹೆಬ್ಬೆರಳಿನ ಚಿತ್ರ ಒತ್ತಿ ಮರೆತುಬಿಟ್ಟಿದ್ದೆ. ಅದು ನೆನಪಾಗಿದ್ದು ಶನಿವಾರ ಬೆಳಿಗ್ಗೆ, ಮಗಳ ಟೆನಿಸ್ ಕ್ಲಾಸಿನ ಬೆಂಚಿನ ಮೇಲೆ ಕೂತಾಗ. ಅವಳು ಮೊದಲ ಸೆಟ್ ಸೋತು, ಹೊಟ್ಟೆ ನೋವು, ಮನೆಗೆ ಹೋಗೋಣ ಅಂತ ಮುಖ ಉಬ್ಬಿಸಿ ನಿಂತಿದ್ದಳು. ಹೊಟ್ಟೆ ನೋವು ಎಂಥದ್ದು ಅಂತ ನನಗೂ ಗೊತ್ತಿತ್ತು. ನೀರು ಕುಡಿಸಿ ವಾಪಸ್ ಕಳಿಸಿ, ಫೋನಿನಲ್ಲಿ ವಿಂಬಲ್ಡನ್‌ನಲ್ಲಿ ಆಡಿದ ನಮ್ಮ ದೇಶದ ಹೆಣ್ಣುಮಕ್ಕಳ ಹೆಸರು ಹುಡುಕುತ್ತಾ ಕೂತೆ. ಸಾನಿಯಾ ಮಿರ್ಜಾಗಿಂತ 70 ವರ್ಷ ಹಿಂದಕ್ಕೆ ಹೋದಾಗ ಲೀಲಾ ರಾವ್ ಸಿಕ್ಕರು.

ಲೀಲಾ ಹುಟ್ಟಿದ್ದು 1911ರಲ್ಲಿ. ಆದರೆ ಅವರ ಕಥೆ ಶುರುವಾಗುವುದು ಅದಕ್ಕೂ ಮೊದಲು, ಇದೇ ಪುಣೆಯಲ್ಲಿ, ಅವರ ತಾಯಿಯಿಂದ. ತಾಯಿ ಕ್ಷಮಾ 1890ರಲ್ಲಿ ಇಲ್ಲಿ ಹುಟ್ಟಿದವರು. ಅವರ ತಂದೆ ಶಂಕರ ಪಾಂಡುರಂಗ ಪಂಡಿತರು ಸಾಯಣ ಭಾಷ್ಯದ ಸಮೇತ ಅಥರ್ವವೇದವನ್ನು ಸಂಪಾದಿಸಿದ ದೊಡ್ಡ ವಿದ್ವಾಂಸರು. ಪೋರಬಂದರಿನಲ್ಲಿ ಆಡಳಿತಾಧಿಕಾರಿಯಾಗಿದ್ದಾಗ ಸ್ವಾಮಿ ವಿವೇಕಾನಂದರು ಅವರ ಮನೆಯಲ್ಲಿ ಉಳಿದಿದ್ದರು. ಅಷ್ಟು ಪುಸ್ತಕ, ಅಷ್ಟು ಭಾಷೆಗಳ ಮನೆ. ಆದರೆ ಕ್ಷಮಾಗೆ ನಾಲ್ಕು ವರ್ಷವಾಗುವ ಹೊತ್ತಿಗೆ, 1894ರಲ್ಲಿ, ತಂದೆ ತೀರಿಕೊಂಡರು. ತಂದೆಯ ಸಂಸ್ಕೃತ ಆ ಮಗುವಿನ ಕೈಗೆ ಆಸ್ತಿಯಾಗಿ ಬರಲಿಲ್ಲ, ಅದನ್ನು ತಾನೇ ಕಲಿತು ಸಂಪಾದಿಸಬೇಕಾಯಿತು. ದೊಡ್ಡವರಾದ ಮೇಲೆ ಆ ತಂದೆಯ ಜೀವನ ಚರಿತ್ರೆಯನ್ನು ಸಂಸ್ಕೃತದಲ್ಲೇ ಬರೆದರು. ಮುಖ ಕೂಡ ಸರಿಯಾಗಿ ನೆನಪಿರಲಾರದ ತಂದೆಯ ಬಗ್ಗೆ ಒಂದು ಇಡೀ ಪುಸ್ತಕ! ನನಗೆ ಇಲ್ಲಿ ಸ್ವಲ್ಪ ಹೊತ್ತು ಮುಂದೆ ಓದಲಾಗಲಿಲ್ಲ.

ಮುಂಬೈನ ವೈದ್ಯ ಡಾ. ರಾಘವೇಂದ್ರ ರಾವ್ ಅವರನ್ನು ಮದುವೆಯಾದ ಕ್ಷಮಾ, ಗಾಂಧೀಜಿಯ ಸತ್ಯಾಗ್ರಹದ ಕಥೆಯನ್ನು ಸಂಸ್ಕೃತ ಕಾವ್ಯವಾಗಿ ಬರೆದರು. ಹೆಸರು ಸತ್ಯಾಗ್ರಹಗೀತಾ. ಬ್ರಿಟಿಷರ ಆಳ್ವಿಕೆಯಲ್ಲಿ ಇಲ್ಲಿ ಅಚ್ಚಾಗುವ ಪುಸ್ತಕ ಅದಲ್ಲ. 1932ರಲ್ಲಿ ಪ್ಯಾರಿಸ್‌ನಲ್ಲಿ ಪ್ರಕಟವಾಯಿತು. ಇಷ್ಟಕ್ಕೇ ಮುಗಿಯಲಿಲ್ಲ. ಇದೇ ಕ್ಷಮಾ ಟೆನಿಸ್ ಆಟಗಾರ್ತಿ. 1927ರಲ್ಲಿ, 37ನೇ ವಯಸ್ಸಿನಲ್ಲಿ, ಬಾಂಬೆ ಪ್ರೆಸಿಡೆನ್ಸಿಯ ಮಹಿಳಾ ಸಿಂಗಲ್ಸ್ ಗೆದ್ದವರು. ಗೆಳತಿಯರೇ, ನಮ್ಮಲ್ಲಿ ಎಷ್ಟು ಜನ 37ಕ್ಕೆ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುತ್ತೇವೆ, ಕೈ ಎತ್ತಿ ನೋಡೋಣ!

ಇಂಥ ತಾಯಿಯ ಮಗಳು ಲೀಲಾ. 1931ರಲ್ಲಿ ಅಖಿಲ ಭಾರತ ಚಾಂಪಿಯನ್‌ಶಿಪ್ಪಿನ ಮಹಿಳಾ ಸಿಂಗಲ್ಸ್ ಗೆದ್ದಾಗ ಅವರಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ವಿಂಬಲ್ಡನ್‌ಗೆ ಇಲ್ಲಿಂದ ಮೊದಲು ಹೋದ ಮಹಿಳೆ ಅವರಲ್ಲ, ಜೆನ್ನಿ ಸ್ಯಾಂಡಿಸನ್. ಅದು 1929ರಲ್ಲಿ. ಆದರೆ ಅಲ್ಲಿ ಒಂದು ಪಂದ್ಯ ಗೆದ್ದ ಮೊದಲ ಭಾರತೀಯ ಮಹಿಳೆ ಲೀಲಾ.

1934ರ ಆ ಪಂದ್ಯದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಎದುರಾಳಿ ಗ್ಲ್ಯಾಡಿಸ್ ಸೌತ್‌ವೆಲ್. ಮೊದಲ ಸೆಟ್ 4-6, ಲೀಲಾಗೆ ಸೋಲು. ಆಗ ಟೈಬ್ರೇಕ್ ಎನ್ನುವುದೇ ಇರಲಿಲ್ಲ. ಆರು ಗೇಮ್ ಗೆದ್ದರೆ ಸಾಲದು, ಎದುರಾಳಿಗಿಂತ ಎರಡು ಹೆಚ್ಚು ಗೆಲ್ಲಬೇಕು. ಅದು ಆಗುವವರೆಗೆ ಸೆಟ್ ಮುಗಿಯುವುದಿಲ್ಲ. ಎರಡನೇ ಸೆಟ್ ಐದು-ಐದಾಯಿತು, ಆರು-ಆರಾಯಿತು, ಎಂಟು-ಎಂಟಾಯಿತು. ಒಂದು ಸೆಟ್ ಆಗಲೇ ಕೈಬಿಟ್ಟಿದೆ, ಇದೂ ಹೋದರೆ ಸೀದಾ ಮನೆಗೆ. ಕೊನೆಗೆ 10-8. ಒಂದೇ ಸೆಟ್ಟಿನಲ್ಲಿ 18 ಗೇಮ್! ಮೂರನೆಯದು 6-2, ಅಲ್ಲಿಗೆ ಸೌತ್‌ವೆಲ್ ದಣಿದಿರಬೇಕು. ಸ್ಕೋರು ನೋಡಿದರೆ ಹಾಗನ್ನಿಸುತ್ತದೆ, ನಾನೇನೂ ಅಲ್ಲಿರಲಿಲ್ಲ. ಮುಂದಿನ ಸುತ್ತಿನಲ್ಲಿ ಫ್ರಾನ್ಸ್‌ನ ಇಡಾ ಆಡಮಾಫ್ ಎದುರು ಲೀಲಾ ಸೋತರು. ಮರುವರ್ಷ ಮತ್ತೆ ಹೋದರು, ಮೊದಲ ಸುತ್ತಿನಲ್ಲೇ ಸೋತರು.

ವಾಪಸ್ ಬಂದು ಆಟ ಬಿಡಲಿಲ್ಲ. 1936ರಿಂದ ಸತತ ಮೂರು ವರ್ಷ ರಾಷ್ಟ್ರೀಯ ಪ್ರಶಸ್ತಿ, ಆಮೇಲೆ 1940, 1941, 1943. ಮೊದಲಿನದೂ ಸೇರಿ ಒಟ್ಟು 7. ಮೊದಲ ಗೆಲುವಿನಿಂದ ಕೊನೆಯ ಗೆಲುವಿಗೆ 12 ವರ್ಷ.

ಅದೇ ಸುಮಾರಿಗೆ ಐಸಿಎಸ್ ಅಧಿಕಾರಿ ಹರೀಶ್ವರ ದಯಾಳ್ ಅವರೊಂದಿಗೆ ಮದುವೆಯಾಯಿತು. 1943ರ ನಂತರ ಚಾಂಪಿಯನ್ನರ ಪಟ್ಟಿಯಲ್ಲಿ ಲೀಲಾ ಹೆಸರಿಲ್ಲ. ಇಲ್ಲಿಗೆ ಬಂದಾಗ, ಸರಿ, ಮುಗೀತು, ನಮ್ಮೆಲ್ಲರ ಕಥೆಯೇ ಅಂದುಕೊಂಡೆ. ಎಂಜಿನಿಯರಿಂಗ್‌ನಲ್ಲಿ ಬ್ಯಾಡ್ಮಿಂಟನ್ ತಂಡದಲ್ಲಿದ್ದ ನಾನು ಎಂಟೆಕ್ ಸೇರಿದ ದಿನ ಅಟ್ಟಕ್ಕೆ ಹಾಕಿದ ರಾಕೆಟ್ ಇನ್ನೂ ಅಲ್ಲೇ ಇದೆ.

ಆದರೆ ಲೀಲಾ ಮುಗಿದಿರಲಿಲ್ಲ. 1948ರಲ್ಲಿ ನೃತ್ಯಶಾಸ್ತ್ರದ ಬಗ್ಗೆ ನೃತ್ತಮಂಜರಿ ಎಂಬ ಪುಸ್ತಕ ತಂದರು. ಅಂಕಣದಲ್ಲಿ ಕಾಲಿನ ಲೆಕ್ಕ ಕಲಿತವರಿಗೆ ನೃತ್ಯದ ಹೆಜ್ಜೆ ಅಷ್ಟೇನೂ ದೂರದ್ದಲ್ಲವೇನೋ. ಬಾಲ್ಯವಿವಾಹ, ವಿಧವೆಯರ ಪಾಡು ಇಂಥ ವಿಷಯಗಳ ಮೇಲೆ ತಾಯಿ ಸಂಸ್ಕೃತದಲ್ಲಿ ಕಥೆಗಳನ್ನು ಬರೆದಿದ್ದರು. ಕ್ಷಮಾ 1954ರಲ್ಲಿ ತೀರಿಕೊಂಡರು. ಆ ಕಥೆಗಳನ್ನು ಲೀಲಾ ಒಂದೊಂದಾಗಿ ಸಂಸ್ಕೃತ ನಾಟಕಗಳಾಗಿಸಿದರು. ಕ್ಷಮಾ ತಮ್ಮ ತಂದೆಗಾಗಿ ಪುಸ್ತಕ ಬರೆದಿದ್ದರು, ಲೀಲಾ ತಾಯಿಯ ಪಾತ್ರಗಳಿಗೆ ಮಾತು ಕೊಟ್ಟರು.

ಪತಿ ನೇಪಾಳದಲ್ಲಿ ಭಾರತದ ರಾಯಭಾರಿಯಾಗಿದ್ದರು. 1964ರಲ್ಲಿ ಎವರೆಸ್ಟ್ ಕಡೆಯ ಖುಂಬು ಪ್ರದೇಶದಲ್ಲಿ ಚಾರಣದಲ್ಲಿದ್ದಾಗ ಅವರು ತೀರಿಕೊಂಡರು.

ನನ್ನ ಕೆಲಸ ಡೇಟಾಬೇಸ್. ಟೆನಿಸ್ ದಾಖಲೆಯ ಲೀಲಾ ರಾವ್ ಒಂದು ಟೇಬಲ್ಲಿನಲ್ಲಿ, ಸಂಸ್ಕೃತ ನಾಟಕಕಾರ್ತಿ ಲೀಲಾ ರಾವ್ ದಯಾಳ್ ಇನ್ನೊಂದರಲ್ಲಿ. ಎರಡನ್ನೂ ಜೋಡಿಸುವ ಕೀ ಇಲ್ಲದೆ ಬೇರೆಬೇರೆ ಬಿದ್ದಿವೆ. ಟೆನಿಸ್ ಓದುವವರಿಗೆ ನಾಟಕ ಬೇಡ, ನಾಟಕ ಓದುವವರಿಗೆ 10-8 ಬೇಡ. ನನಗೆ ಇದು ಸಣ್ಣ ಅನ್ಯಾಯ ಅನ್ನಿಸಲಿಲ್ಲ.

ಅವತ್ತು ನನ್ನ ಮಗಳು ಎರಡನೇ ಸೆಟ್ಟನ್ನೂ ಸೋತಳು. ಆದರೆ ಆಡಿ ಸೋತಳು. ದಾರಿಯಲ್ಲಿ ಲೀಲಾ ಕಥೆ ಹೇಳಿದೆ. ರಾತ್ರಿ ಧಾರವಾಡಕ್ಕೆ ಫೋನ್ ಮಾಡಿ ಅಮ್ಮನಿಗೂ ಹೇಳಿದೆ. ಎಲ್ಲ ಕೇಳಿಸಿಕೊಂಡ ಅಮ್ಮ, ತಾನೂ ಕಾಲೇಜಿನ ಖೋಖೋ ತಂಡದಲ್ಲಿದ್ದೆ ಅಂತ ಸಾರಿಗೆ ಉಪ್ಪು ಹಾಕಿದಷ್ಟು ಸಲೀಸಾಗಿ ಹೇಳಿಬಿಟ್ಟರು. ನನಗೆ ಮೂವತ್ತಾರು. ಇಷ್ಟು ವರ್ಷದಲ್ಲಿ ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ತಂಡದ ಒಂದು ಫೋಟೊ ಟ್ರಂಕಿನಲ್ಲಿದೆಯಂತೆ, ದೀಪಾವಳಿಗೆ ಬರುವಾಗ ತರುತ್ತಾರಂತೆ. ಅಜ್ಜಿ ಲಂಗ ಉಟ್ಟು ಓಡುತ್ತಿದ್ದಳಾ, ಸೀರೆ ಉಟ್ಟಾ ಅಂತ ಮಗಳು ದಿನಾ ಕೇಳುತ್ತಿದ್ದಾಳೆ.