ಕಲಿಸುವುದನ್ನು ಕಲಿತ ಸಾವಿತ್ರಿಬಾಯಿ

ಮಕ್ಕಳೇ, ಪ್ರತಿ ವರ್ಷ ಜನವರಿ 3ರಂದು ನೀವು ಶಾಲೆಯಲ್ಲಿ ಸಾವಿತ್ರಿಬಾಯಿ ಫುಲೆಯವರ ಜಯಂತಿ ಆಚರಿಸುತ್ತೀರಿ. ಅವರು ಹುಡುಗಿಯರಿಗೆ ಅಕ್ಷರ ಕಲಿಸಿದರೆಂದು ನಿಮಗೆ ಗೊತ್ತು. ಆದರೆ ಅವರಿಗೆ ಕಲಿಸುವ ವಿದ್ಯೆ ಹೇಗೆ ಬಂತು? ಅದನ್ನು ತಿಳಿಯೋಣ ಬನ್ನಿ.

ಸಾವಿತ್ರಿಬಾಯಿ ಹುಟ್ಟಿದ್ದು 1831ರಲ್ಲಿ, ಸಾತಾರಾ ಜಿಲ್ಲೆಯ ನಾಯಗಾಂವದಲ್ಲಿ. ಆಗ ಹೆಣ್ಣುಮಕ್ಕಳು ಓದಿದರೆ ಮನೆಗೆ ಕೇಡು ಎಂದು ಜನರು ನಂಬಿದ್ದರು. ಒಂಬತ್ತನೆಯ ವಯಸ್ಸಿನಲ್ಲಿ ಅವರಿಗೆ ಜೋತಿರಾವ ಫುಲೆಯವರೊಡನೆ ಮದುವೆಯಾಯಿತು. ಆಗ ಜೋತಿರಾವರಿಗೂ ಹದಿಮೂರೇ ವರ್ಷ. ಸಾವಿತ್ರಿಬಾಯಿಗೆ ಓದಲು ಬರೆಯಲು ಬರುತ್ತಿರಲಿಲ್ಲ. ಜೋತಿರಾವರೇ ಅವರಿಗೆ ಮೊದಲ ಗುರುಗಳಾದರು.

ಓದು ಬರಹ ಬಂದರೆ ಸಾಕೇ? ಸಾಲದು. ತನಗೆ ತಿಳಿದದ್ದನ್ನು ಮತ್ತೊಬ್ಬರಿಗೆ ತಿಳಿಯುವಂತೆ ಹೇಳುವುದು ಬೇರೆಯೇ ವಿದ್ಯೆ. ಅದಕ್ಕಾಗಿ ಸಾವಿತ್ರಿಬಾಯಿ ಶಿಕ್ಷಕಿಯ ತರಬೇತಿ ಪಡೆದರು. ಅಹಮದನಗರದಲ್ಲಿ ಅಮೇರಿಕದ ಸಿಂಥಿಯಾ ಫರಾರ್ ಎಂಬ ಮಹಿಳೆ ನಡೆಸುತ್ತಿದ್ದ ಶಾಲೆಯಲ್ಲಿ ಕಲಿತರು. ಪುಣೆಯ ನಾರ್ಮಲ್ ಸ್ಕೂಲಿನಲ್ಲೂ ಕಲಿತರು. ನಾರ್ಮಲ್ ಸ್ಕೂಲ್ ಎಂದರೆ ಶಿಕ್ಷಕರನ್ನು ತಯಾರು ಮಾಡುವ ಶಾಲೆ.

1848ರಲ್ಲಿ ಪುಣೆಯ ಭಿಡೆ ವಾಡೆಯಲ್ಲಿ ಈ ದಂಪತಿಗಳು ಹುಡುಗಿಯರ ಶಾಲೆ ತೆರೆದರು. ಸಾವಿತ್ರಿಬಾಯಿ ಅಲ್ಲಿ ಶಿಕ್ಷಕಿಯಾದರು. ಇದು ಹಲವರಿಗೆ ಹಿಡಿಸಲಿಲ್ಲ. ಅವರು ಶಾಲೆಗೆ ಹೋಗುವಾಗ ದಾರಿಯಲ್ಲಿ ಕೆಲವರು ಬೈದರು, ಸಗಣಿ ಎರಚಿದರು. ಸಾವಿತ್ರಿಬಾಯಿ ಚೀಲದಲ್ಲಿ ಇನ್ನೊಂದು ಸೀರೆ ಒಯ್ಯುತ್ತಿದ್ದರು. ಶಾಲೆ ಮುಟ್ಟಿದ ಮೇಲೆ ಅದನ್ನುಟ್ಟು ಪಾಠ ಆರಂಭಿಸುತ್ತಿದ್ದರು. ಜನರ ಒತ್ತಾಯದಿಂದ ಮಾವನವರ ಮನೆಯನ್ನೂ ಬಿಡಬೇಕಾಯಿತು. ಆದರೂ ಅವರು ಶಾಲೆ ಬಿಡಲಿಲ್ಲ. ಮೂರೇ ವರ್ಷಗಳಲ್ಲಿ ಪುಣೆಯಲ್ಲಿ ಇಂಥ ಮೂರು ಶಾಲೆಗಳಾದವು. 1852ರಲ್ಲಿ ಸರಕಾರ ಈ ದಂಪತಿಗಳನ್ನು ಸನ್ಮಾನಿಸಿತು.

ಶಾಲೆಗಳು ಹೆಚ್ಚಿದಂತೆ ಶಿಕ್ಷಕಿಯರೂ ಬೇಕಾದರು. ಎಷ್ಟೋ ತಾಯಿತಂದೆಯರು ಗಂಡು ಶಿಕ್ಷಕರಿದ್ದಲ್ಲಿ ಹುಡುಗಿಯರನ್ನು ಕಳಿಸುತ್ತಿರಲಿಲ್ಲ. ಆದ್ದರಿಂದ ಮಹಿಳೆಯರಿಗಾಗಿಯೇ ತರಬೇತಿ ಶಾಲೆಗಳು ಬೇಕೆಂಬ ಮಾತು ಬಂತು. 1870ರ ದಶಕದಲ್ಲಿ ಪುಣೆಯಲ್ಲಿ ಸರಕಾರದ ಮಹಿಳಾ ಅಧ್ಯಾಪನ ವಿದ್ಯಾಲಯ ನಡೆಯುತ್ತಿತ್ತು. 1917ರಲ್ಲಿ ಮಹರ್ಷಿ ಧೋಂಡೋ ಕೇಶವ ಕರ್ವೆಯವರೂ ಪ್ರಾಥಮಿಕ ಶಾಲೆಯ ಶಿಕ್ಷಕಿಯರಿಗಾಗಿ ತರಬೇತಿ ಶಾಲೆ ತೆರೆದರು. ಒಬ್ಬಳೇ ನಡೆದ ಕಾಲುದಾರಿ ಹೀಗೆ ಹೆದ್ದಾರಿಯಾಯಿತು.

1897ರಲ್ಲಿ ಪುಣೆಯಲ್ಲಿ ಪ್ಲೇಗು ಹಬ್ಬಿತು. ಸಾವಿತ್ರಿಬಾಯಿಗೆ ಆಗ ಅರವತ್ತಾರು ವರ್ಷ. ಅವರ ದತ್ತುಮಗ ಯಶವಂತ ಡಾಕ್ಟರರಾಗಿ ರೋಗಿಗಳ ಉಪಚಾರ ಮಾಡುತ್ತಿದ್ದರು. ರೋಗಪೀಡಿತ ಬಾಲಕನೊಬ್ಬನನ್ನು ಸಾವಿತ್ರಿಬಾಯಿ ತಾವೇ ಬೆನ್ನ ಮೇಲೆ ಹೊತ್ತು ದವಾಖಾನೆಗೆ ತಂದರು. ಆ ರೋಗ ಅವರಿಗೂ ತಗುಲಿತು. ಮಾರ್ಚ್ 10ರಂದು ಅವರು ತೀರಿಕೊಂಡರು. 2014ರಲ್ಲಿ ಪುಣೆ ವಿದ್ಯಾಪೀಠಕ್ಕೆ ಅವರ ಹೆಸರನ್ನಿಡಲಾಯಿತು.

ಮಕ್ಕಳೇ, ಮುರುಮ, ಉಮರಗಾ, ನಿಲಂಗಾ, ಉದಗೀರದ ಕಡೆ ಇಂದು ಹುಡುಗಿಯರು ಪಾಟಿಚೀಲ ಹೆಗಲಿಗೇರಿಸಿ ಶಾಲೆಗೆ ಹೋಗುತ್ತಾರೆ. ಅವರಲ್ಲಿ ಕೆಲವರು ನಾಳೆ ಶಿಕ್ಷಕಿಯರಾಗುವರು. ನೀವೂ ಒಂದು ಕೆಲಸ ಮಾಡಿರಿ. ನಿಮ್ಮ ಅಜ್ಜಿಗೆ ಅಕ್ಷರ ಬಾರದಿದ್ದರೆ ಅವಳ ಹೆಸರು ಬರೆಯಲು ಕಲಿಸಿರಿ. ಕಲಿಸುವುದು ಎಷ್ಟು ಕಷ್ಟ, ಎಷ್ಟು ಸಂತೋಷ ಎಂಬುದು ಆಗ ನಿಮಗೂ ತಿಳಿಯುತ್ತದೆ.