ಸರ್ ಎಂ.ವಿ. ಸಹಿಯ ‘ಒರಿಜಿನಲ್ ಪೇಟೆಂಟ್’: ಕೊಳ್ಳುವ ಮುನ್ನ ಇಸವಿ ನೋಡಿ

ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೆ ಹೋದವರು ಪ್ರಣವೇಶ್ವರ ದೇವಾಲಯದ ಮುಂದಿನ ಕಲ್ಲಿನ ಕಂಬ ನೋಡಿರುತ್ತೀರಿ. ಅದರ ಮೇಲಿರುವುದು ಕದಂಬರ ಕಾಲದ, ಸುಮಾರು 5ನೇ ಶತಮಾನದ ಸಂಸ್ಕೃತ ಶಾಸನ. ಈ ಕಾವ್ಯ ತನ್ನದು, ಕಲ್ಲಿನ ಮೇಲೆ ಬರೆದವನೂ ತಾನೇ ಎಂದು ಕವಿ ಕುಬ್ಜ ಕೊನೆಯಲ್ಲಿ ಹೆಸರು ಹಾಕಿದ್ದಾನೆ. ಅಂಥ ಕಂಬಕ್ಕೆ ನಕಲು ಮಾಡುವುದು ಕಷ್ಟ. ಕಾಗದದ ಮೇಲಿನ ಸಹಿಯ ಕಥೆ ಹಾಗಲ್ಲ.

ಹೆಸರಾಂತ ಸಂಶೋಧಕರ ಸಹಿ ಇರುವ ಹಳೆಯ ಪೇಟೆಂಟ್ ಪತ್ರಗಳನ್ನು ಹುಡುಕಿ ಕೊಳ್ಳುವ ಹವ್ಯಾಸಿಗಳಿದ್ದಾರೆ. ನಮ್ಮಲ್ಲಿ ಪೇಟೆಂಟ್ ಎಂದ ಕೂಡಲೇ ನೆನಪಾಗುವವರು ವಿಶ್ವೇಶ್ವರಯ್ಯ. ಅವರ ಸಹಿಯ ಮೂಲ ಪತ್ರ ಮಾರಾಟಕ್ಕಿದೆ ಎಂದು ಒಂದು ಫೋಟೊ ನಿಮ್ಮ ಗ್ರೂಪಿಗೆ ಬಂದರೆ? ಅವರ ಜೀವನ ಗೊತ್ತಿದ್ದರೆ ಅರ್ಧ ಪರೀಕ್ಷೆ ಅಲ್ಲೇ ಮುಗಿಯುತ್ತದೆ.

ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರು ಚಿಕ್ಕವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ಮನೆಪಾಠ ಹೇಳಿಕೊಂಡು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ, 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು. ಪೇಟೆಂಟಿನ ಕಥೆ ನಡೆದದ್ದು ಅಲ್ಲೇ.

ಪುಣೆಗೆ ನೀರು ಕೊಡುತ್ತಿದ್ದ ಖಡಕ್‌ವಾಸ್ಲಾ ಜಲಾಶಯದಲ್ಲಿ ಮಳೆಗಾಲದ ಹೆಚ್ಚುವರಿ ನೀರು ಕೋಡಿ ಬಿದ್ದು ಹರಿದುಹೋಗುತ್ತಿತ್ತು, ಬೇಸಿಗೆಯಲ್ಲಿ ನೀರಿಗೆ ಬರ. ಅಣೆಕಟ್ಟನ್ನೇ ಎತ್ತರಿಸಿದರೆ ಹಳೆಯ ಗೋಡೆ ಭಾರ ತಡೆಯಬೇಕು. ಕೋಡಿಯ ಮೇಲೆ ಸಾಮಾನ್ಯ ಬಾಗಿಲು ಇಟ್ಟರೆ ನಡುರಾತ್ರಿ ಪ್ರವಾಹ ಬಂದಾಗ ಎತ್ತುವವರು ಯಾರು? ವಿಶ್ವೇಶ್ವರಯ್ಯ ಸಮತೂಕದ ಭಾರ ಕಟ್ಟಿದ ಬಾಗಿಲು ರೂಪಿಸಿದರು. ನೀರು ಗೊತ್ತಾದ ಮಟ್ಟ ಮುಟ್ಟುವವರೆಗೆ ಅದು ಮುಚ್ಚಿರುತ್ತದೆ. ಮಟ್ಟ ಮೀರಿದರೆ ತಾನೇ ತೆರೆಯುತ್ತದೆ, ಇಳಿದರೆ ತಾನೇ ಮುಚ್ಚುತ್ತದೆ. 1903ರಲ್ಲಿ ಅಳವಡಿಸಿದ ಈ ಬಾಗಿಲುಗಳಿಂದ ಅಣೆಕಟ್ಟು ಎತ್ತರಿಸದೆಯೇ ಸುಮಾರು 8 ಅಡಿ ಹೆಚ್ಚು ನೀರು ನಿಲ್ಲಿಸಲು ಸಾಧ್ಯವಾಯಿತು. ಮುಂದೆ ಗ್ವಾಲಿಯರ್‌ನ ತಿಗ್ರಾ ಅಣೆಕಟ್ಟಿಗೂ ನಮ್ಮ ಕನ್ನಂಬಾಡಿಗೂ ಇದೇ ವಿಧಾನ ಬಂತು.

ಇದಕ್ಕೆ ಅವರು ಪೇಟೆಂಟ್ ಪಡೆದರು. ಅದರಿಂದ ಶ್ರೀಮಂತರಾದರೇ? ಇಲ್ಲ. ಸರ್ಕಾರಿ ನೌಕರಿಯಲ್ಲಿದ್ದು ಮಾಡಿದ ಕೆಲಸಕ್ಕೆ ರಾಯಧನ ಬೇಡ ಎಂದರೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ.

1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್, 1912ರಿಂದ 1918ರವರೆಗೆ ದಿವಾನರು, 1955ರಲ್ಲಿ ಭಾರತ ರತ್ನ. ಇದೆಲ್ಲ ನಿಮಗೆ ಗೊತ್ತು. ತಾಳಗುಂದವಿರುವ ಶಿವಮೊಗ್ಗ ಜಿಲ್ಲೆಗೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಬಂದದ್ದೂ ಅವರಿಂದಲೇ. 1961ರ ಜುಲೈನಲ್ಲಿ ಮೇಲಿನ ಪಾನ್‌ಶೇತ್ ಅಣೆಕಟ್ಟು ಒಡೆದು, ಆ ನೀರಿನ ಹೊಡೆತಕ್ಕೆ ಖಡಕ್‌ವಾಸ್ಲಾವೂ ಒಡೆಯಿತು. ಆಗ ಅವರು ಇನ್ನೂ ಬದುಕಿದ್ದರು. 1962ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ಈಗ ಆ ಫೋಟೊ ನೋಡಿ. 1903ರ ಸುಮಾರಿನ ಪತ್ರದಲ್ಲಿ ಹೆಸರಿನ ಹಿಂದೆ ‘ಸರ್’ ಅಚ್ಚಾಗಿದೆಯೇ? ಅವರಿಗೆ ಕೆಸಿಐಇ ಗೌರವ ಬಂದು ‘ಸರ್’ ಸೇರಿದ್ದು 1915ರಲ್ಲಿ. ‘ಪೇಟೆಂಟ್ ಕಂಟ್ರೋಲರ್’ ಮೊಹರು ಇದೆಯೇ? ಭಾರತದಲ್ಲಿ ಆ ಹುದ್ದೆ ಬಂದದ್ದು 1911ರ ಕಾನೂನಿನಿಂದ. ಅದಕ್ಕೆ ಮೊದಲು 1888ರ ಕಾನೂನು ಜಾರಿಯಲ್ಲಿತ್ತು. ಅದರಡಿ ಸಂಶೋಧಕರಿಗೆ ಸಿಗುತ್ತಿದ್ದ ಹಕ್ಕಿನ ಹೆಸರು ಪೇಟೆಂಟ್ ಅಲ್ಲ, ಏಕಸ್ವಾಮ್ಯದ ವಿಶೇಷಾಧಿಕಾರ. ಜನ ಪೇಟೆಂಟ್ ಎನ್ನುತ್ತಿದ್ದರು, ಅಷ್ಟೇ.

ಇಸವಿ ಸರಿಯಿದ್ದರೂ ಸಹಿ ನೋಡಬೇಕು. ಎಡಿಸನ್ ಅವರ ವಿದ್ಯುತ್ ದೀಪದ ಅಮೆರಿಕನ್ ಪೇಟೆಂಟ್ (ಸಂಖ್ಯೆ 2,23,898, 1880ರ ಜನವರಿ 27) ನೋಡಿದರೆ ಚಿತ್ರದ ಹಾಳೆಯಲ್ಲಿ ಅವರ ಹೆಸರೂ ಸಾಕ್ಷಿಗಳ ಸಹಿಯೂ ಕಾಣುತ್ತವೆ. ಅದು ಮೂಲ ಚಿತ್ರದ ಸಹಿಯ ಅಚ್ಚು. ಅಚ್ಚಾದ ಪ್ರತಿಯೊಂದು ಪ್ರತಿಯಲ್ಲೂ ಅದೇ ಸಹಿ, ಅದೇ ಜಾಗದಲ್ಲಿ ಇರುತ್ತದೆ. ಸಂಶೋಧಕರು ಕೈಯಾರೆ ಸಹಿ ಹಾಕುತ್ತಿದ್ದುದು ಕಚೇರಿಗೆ ಸಲ್ಲಿಸುವ ಅರ್ಜಿ ಮತ್ತು ಚಿತ್ರಗಳಿಗೆ. ರಿಬ್ಬನ್, ಮೊಹರು ಹಚ್ಚಿ ಸಂಶೋಧಕರ ಮನೆಗೆ ಕಳಿಸುತ್ತಿದ್ದ ಪತ್ರದ ಮೇಲೆ ಇರುತ್ತಿದ್ದುದು ಅಧಿಕಾರಿಯ ಸಹಿ.

ಹಾಗಾಗಿ ಮಾರುವವರಿಂದ ಮೊದಲು ಸಹಿಯ ಹತ್ತಿರದ ಫೋಟೊ ಕೇಳಿ, ಹಾಳೆಯ ಹಿಂಬದಿಯದನ್ನೂ ಕೇಳಿ. ಶಾಯಿಯ ಸಹಿಯಾದರೆ ಗೆರೆ ದಪ್ಪ ತೆಳುವಾಗುತ್ತದೆ, ಕಾಗದದೊಳಗೆ ಇಳಿದಿರುತ್ತದೆ. ಭೂತಗನ್ನಡಿಯಲ್ಲಿ ಗೆರೆ ಸಣ್ಣ ಸಣ್ಣ ಚುಕ್ಕಿಗಳಾಗಿ ಒಡೆದು ಕಂಡರೆ ಅದು ಅಚ್ಚು. ವಿಶ್ವೇಶ್ವರಯ್ಯನವರ ನಿಜವಾದ ವಸ್ತುಗಳನ್ನು ನೋಡುವ ಆಸೆ ಇದ್ದರೆ ಮುದ್ದೇನಹಳ್ಳಿಯ ಅವರ ಮನೆಯಲ್ಲೇ ಸ್ಮಾರಕ ಸಂಗ್ರಹಾಲಯವಿದೆ.